ಗೆಳೆಯನಿಗೊಂದು ಪತ್ರ: ಬೆವರಿದ ಮೇಲೆ ಹಳದಿಯಾಗುವ ಚಿನ್ನ

ಪ್ರೀತಿಯ ಗೆಳೆಯಾ,

"ಜ್ವಾಲಾಮುಖಿ ಸಿಡಿದಾಗ ಚಿನ್ನವೂ ಉಕ್ಕಿ ಬರುತ್ತದಾ?" ಅಂತ ಮೊನ್ನೆ ಕೇಳಿದ್ದೆಯಲ್ಲ, ಆಗ ನಕ್ಕುಬಿಟ್ಟೆ. ಆಮೇಲೆ ಕೂತು ಯೋಚಿಸಿದರೆ ಒಂದೇ ಮಾತಿನಲ್ಲಿ ಹೌದು, ಇಲ್ಲ ಅನ್ನುವ ಹಾಗಿಲ್ಲ. ಅದಕ್ಕೇ ಈ ಕಾಗದ.

ಅಮೆರಿಕದ ಕೊಲರಾಡೊದಲ್ಲಿ ಕ್ರಿಪಲ್ ಕ್ರೀಕ್ ಅಂತ ಒಂದು ಗಣಿ ಊರಿದೆ. ಸುಮಾರು 2,900 ಮೀಟರ್ ಎತ್ತರದಲ್ಲಿ, ಪೈಕ್ಸ್ ಪೀಕ್ ಬೆಟ್ಟದ ಬೆನ್ನಿಗೆ. 1859ರಲ್ಲಿ ಸಾವಿರಾರು ಜನ ಚಿನ್ನದ ಆಸೆಗೆ ಇದೇ ಬೆಟ್ಟದ ಹೆಸರು ಹೇಳಿಕೊಂಡು ಓಡಿ ಬಂದಿದ್ದರು. ಬೆಟ್ಟದ ಹಿಂದೆಯೇ ಇದ್ದ ನಿಧಿ ಸಿಕ್ಕಿದ್ದು ಮಾತ್ರ 1890ರಲ್ಲಿ, ದನ ಕಾಯುತ್ತಿದ್ದ ಬಾಬ್ ವೊಮ್ಯಾಕ್‌ಗೆ. ಪಾಪ, ಅವನು ಬಡವನಾಗಿಯೇ ಸತ್ತ.

ಅಲ್ಲಿ ನೀನು ನೆನೆಸಿಕೊಳ್ಳುವಂಥ ಶಂಕುವಿನಾಕಾರದ ಜ್ವಾಲಾಮುಖಿ ಇಲ್ಲ. ಸುಮಾರು 3 ಕೋಟಿ ವರ್ಷದ ಹಿಂದೆ ಕೆಳಗಿನಿಂದ ಏರಿ ಬಂದ ಶಿಲಾರಸ ಅಂತರ್ಜಲಕ್ಕೆ ತಾಗಿತು. ನೀರು ಒಮ್ಮೆಲೇ ಆವಿಯಾಗಿ ಸಿಡಿಯಿತು, ಒಂದು ಸಲ ಅಲ್ಲ, ಮತ್ತೆ ಮತ್ತೆ. ನೂರು ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್ ಬಂಡೆಯಲ್ಲಿ ಆರೇಳು ಕಿಲೋಮೀಟರ್ ಉದ್ದದ ಹೊಂಡ ಬಿತ್ತು. ಚೂರುಚೂರಾದ ಕಲ್ಲು ಅದರೊಳಗೇ ತುಂಬಿಕೊಂಡಿತು. ಆಮೇಲೆ ಆ ಚೂರುಗಳ ನಡುವೆ ಫೋನೊಲೈಟ್ ಎಂಬ ಬೂದು ಕಲ್ಲು ಕರಗಿದ ರೂಪದಲ್ಲಿ ನುಗ್ಗಿತು. ಅದರ ತೆಳ್ಳನೆ ಹಲಗೆಯನ್ನು ತಟ್ಟಿದರೆ ಠಣ್ ಅನ್ನುತ್ತದೆ, ಹೆಸರು ಬಂದದ್ದೂ ಅದರಿಂದಲೇ.

ಈ ಗದ್ದಲವೆಲ್ಲ ಹೆಚ್ಚುಕಮ್ಮಿ ತಣ್ಣಗಾದ ಮೇಲೆ ಬಂತು ಚಿನ್ನ! ಆಳದಿಂದ ಬಿಸಿ ನೀರು ಬಿರುಕುಗಳಲ್ಲಿ ಏರಿತು. ಮೇಲೆ ಬಂದಂತೆ ಒತ್ತಡ ಇಳಿಯಿತು, ಅನಿಲ ಬೇರೆಯಾಯಿತು, ಕರಗಿದ್ದ ಚಿನ್ನವನ್ನು ಇಟ್ಟುಕೊಳ್ಳಲು ನೀರಿಗೆ ಆಗಲಿಲ್ಲ. ಗಡಸು ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ ಬಿರುಕಿನ ಗೋಡೆಗೆ ಅಂಟಿತು. ಎಷ್ಟೋ ಕಡೆ ಆ ಪದರ ಚಾಕುವಿನ ಅಲಗಿನಷ್ಟು ತೆಳ್ಳಗೆ. ಪಕ್ಕದಲ್ಲೇ ಫ್ಲೋರೈಟ್ ಎಂಬ ನೇರಳೆ ಬಣ್ಣದ ಖನಿಜ ಇದ್ದರೆ, ಚಿನ್ನ ಹತ್ತಿರದಲ್ಲೇ ಇರಬಹುದು ಅಂತ ಗಣಿಯವರ ಮುಖ ಅರಳುತ್ತಿತ್ತು.

ತಮಾಷೆ ಇರುವುದು ಇಲ್ಲಿ. ಈ ಚಿನ್ನ ಹಳದಿ ಅಲ್ಲ. ಟೆಲ್ಯೂರಿಯಂ ಎಂಬ ಇನ್ನೊಂದು ಮೂಲವಸ್ತುವಿನ ಜೊತೆ ಸೇರಿ ಕ್ಯಾಲವರೈಟ್ ಎಂಬ ಖನಿಜವಾಗಿ ಕೂತಿದೆ. ಮಾಸಿದ ಹಿತ್ತಾಳೆಗೆ ಬೆಳ್ಳಿ ಬಳಿದ ಹಾಗೆ ಕಾಣುವ, ಮೈಮೇಲೆ ಸಣ್ಣ ಗೀರುಗಳಿರುವ ಹರಳು. ತೂಕದಲ್ಲಿ ಸುಮಾರು ಶೇಕಡ 40 ಚಿನ್ನವೇ ಇದ್ದರೂ, ಗೊತ್ತಿಲ್ಲದವರು ಕಾಲಲ್ಲಿ ಒದ್ದು ಹೋಗಬೇಕು ಅಷ್ಟೆ. ಅದೇ ಕಲ್ಲನ್ನು ಕೆಂಡದಂಥ ಬಿಸಿಗೆ ಹಿಡಿ. ಟೆಲ್ಯೂರಿಯಂ ಹೊಗೆಯಾಗಿ ಹೋಗುತ್ತದೆ, ಕಲ್ಲಿನ ಮೈಮೇಲೆ ಚಿನ್ನ ಬೆವರಿನ ಹನಿಗಳ ಹಾಗೆ ಮೂಡುತ್ತದೆ. ನನಗಂತೂ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚಂದದ್ದು ಜಾಸ್ತಿ ಇಲ್ಲ.

1914ರಲ್ಲಿ ಅಲ್ಲಿನ ಕ್ರೆಸನ್ ಗಣಿಯಲ್ಲಿ, ನೆಲದಿಂದ ಸುಮಾರು 1,200 ಅಡಿ ಕೆಳಗೆ, ಬಂಡೆಯೊಳಗೆ ಒಂದು ಕೋಣೆಯಂಥ ಪೊಳ್ಳು ಸಿಕ್ಕಿತು. ದೀಪ ಹಿಡಿದರೆ ಗೋಡೆ ತುಂಬ ಈ ಹರಳುಗಳೇ. ಬಾಯಿಗೆ ಉಕ್ಕಿನ ಬಾಗಿಲು ಹಾಕಿ, ಬಂದೂಕಿನವರನ್ನು ಕಾವಲಿಟ್ಟು, ಗೋಡೆ ಕೆರೆದು ಚೀಲಕ್ಕೆ ತುಂಬಿದರು. ಅದೊಂದೇ ಪೊಳ್ಳಿನಿಂದ 12 ಲಕ್ಷ ಡಾಲರ್ ಚಿನ್ನ, ಆಗಿನ ಬೆಲೆಗೆ!

ಈಗ ಅಲ್ಲೇ ದೊಡ್ಡ ತೆರೆದ ಗಣಿ ಇದೆ. ಒಂದು ಟನ್ ಕಲ್ಲಿಗೆ ಒಂದು ಗ್ರಾಮ್ ಚಿನ್ನವೂ ಸಿಗುವುದಿಲ್ಲ. ಕಲ್ಲು ಪುಡಿ ಮಾಡಿ, ಗುಡ್ಡೆ ಹಾಕಿ, ಚಿನ್ನವನ್ನು ಕರಗಿಸುವ ಸಯನೈಡ್ ನೀರು ಹಾಯಿಸಿ ತೆಗೆಯುತ್ತಾರೆ. ಹಳಬರು ಬಿರುಕುಗಳನ್ನಷ್ಟೇ ಅಗೆದಿದ್ದರು, ಇವರು ಬಿರುಕಿನ ನಡುವಿನ ಕಲ್ಲನ್ನೂ ಬಿಡುತ್ತಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಸಿಡಿತ ಬರೀ ದಾರಿ ಮಾಡಿಕೊಟ್ಟಿತು, ಚಿನ್ನ ತಂದದ್ದು ಆಮೇಲೆ ಸುಮ್ನೆ ಹತ್ತಿ ಬಂದ ಬಿಸಿ ನೀರು. ನಕ್ಕಿದ್ದಕ್ಕೆ ಕ್ಷಮಿಸು ಮಾರಾಯ. ಮುಂದಿನ ಸಲ ಸಿಕ್ಕಾಗ ಆ ಪೊಳ್ಳಿನ ಚಿತ್ರ ಬರೆದು ತೋರಿಸುತ್ತೇನೆ.

ಇಂತಿ ನಿನ್ನ,
ಕಲ್ಲು ಹುಚ್ಚಿನ ಗೆಳೆಯ