ಕಾಲ್ಬೆರಳು ಬಾಗಿಲ ಕಡೆಗಿತ್ತು

ಗೆಳೆಯಾ,

ನೀನು ಕಳಿಸಿದ ವಿಡಿಯೋ ಕೊನೆಗೂ ನೋಡಿದೆ. ದನಿ ಬಂದ್ ಮಾಡಿ ನೋಡು ಅಂದಿದ್ದೆಯಲ್ಲ, ಹಾಗೇ ನೋಡಿದೆ. 12 ನಿಮಿಷದ ಭಾಷಣ. ಒಂದು ಕಡೆ ನಿಲ್ಲದೆ ಸುಮ್ನೆ ಅಡ್ಡಾಡಿದ್ದೇನೆ.

ಇದು ಇವತ್ತಿನ ಅಭ್ಯಾಸವೇನಲ್ಲ. 1ನೇ ಶತಮಾನದ ರೋಮ್‌ನಲ್ಲಿ ಮಾತುಗಾರಿಕೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ಬರೆದಿದ್ದಾನೆ: ಹೀಗೆ ಓಡಾಡುತ್ತಿದ್ದ ಒಬ್ಬನ ಬಗ್ಗೆ 'ಎಷ್ಟು ಮೈಲಿ ಭಾಷಣ ಮಾಡಿದ?' ಅಂತ ಅವನ ಎದುರಾಳಿ ಕೇಳಿದನಂತೆ. ಹಾಗಂತ ಕದಲಲೇಬಾರದು ಅಂತಲ್ಲ. ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಕಾಲು ಓಡಲು ಸಜ್ಜಾಗುತ್ತದೆ. ಆ ಕಾಲಿಗೊಂದು ಕೆಲಸ ಕೊಡಬೇಕು, ಅಷ್ಟೇ. ಒಂದು ವಿಷಯ ಮುಗಿದು ಇನ್ನೊಂದಕ್ಕೆ ಹೋಗುವಾಗ ನಾಲ್ಕು ಹೆಜ್ಜೆ ನಡೆಯಬೇಕು. ನಿಲ್ಲಬೇಕು. ಮುಖ್ಯವಾದ ಮಾತು ಆಮೇಲೆ. ಹಳೆಯದನ್ನು ಹೇಳುವಾಗ ಜನರ ಎಡಕ್ಕೆ, ಅಂದರೆ ನಮ್ಮ ಬಲಕ್ಕೆ ನಿಂತು, ಮುಂದಿನದಕ್ಕೆ ಇನ್ನೊಂದು ತುದಿಗೆ ಬಂದರೆ, ಎಡದಿಂದ ಬಲಕ್ಕೆ ಓದಿ ಅಭ್ಯಾಸವಾದ ಕಣ್ಣಿಗೆ ಕಾಲ ಸರಿದದ್ದು ತಾನಾಗಿ ಕಾಣುತ್ತದೆ. ನಾನು ಇಷ್ಟು ದಿನ ಉಲ್ಟಾ ಮಾಡುತ್ತಿದ್ದೆ.

ಅದನ್ನೆಲ್ಲ ತಿದ್ದಿಕೊಳ್ಳಬಹುದು ಬಿಡು. ಒಂಬತ್ತನೇ ನಿಮಿಷ ಗಮನಿಸಿದೆಯಾ? ಅಪ್ಪನ ಬಗ್ಗೆ ಹೇಳುವ ಜಾಗ. ಮುಖ ಜನರ ಕಡೆಗಿದೆ. ಕಾಲ್ಬೆರಳು ಮಾತ್ರ ಪಕ್ಕದ ಬಾಗಿಲ ಕಡೆ ತಿರುಗಿದೆ. ಮಾತು ಮುಗಿಯುವ ಮೊದಲೇ ಹೊರಟುಬಿಟ್ಟಿದ್ದೇನೆ. ಕೊನೆಯ ಪದ ಆಡುವಾಗ ಜನರಿಗೆ ಬೆನ್ನು.

ಅಲ್ಲಿಗೇ ನಿಲ್ಲಿಸಿ ತುಂಬಾ ಹೊತ್ತು ಕೂತಿದ್ದೆ. ಆಸ್ಪತ್ರೆಯಲ್ಲೂ ಹೀಗೇ ಮಾಡಿದ್ದೆ ಕಣೋ. ಅಪ್ಪ ಏನೋ ಹೇಳಬೇಕು ಅಂತ ಕೈ ಹಿಡಿದುಕೊಂಡಾಗ 'ನೀರು ತರ್ತೀನಿ' ಅಂತ ಎದ್ದುಹೋದೆ. ನೀರಿನ ಬಾಟಲಿ ದಿಂಬಿನ ಪಕ್ಕದಲ್ಲೇ ಇತ್ತು. ತುಂಬಿತ್ತು.

ಇದನ್ನು ನಿನಗೂ ಹೇಳಿರಲಿಲ್ಲ. ಎಲ್ಲರೂ ಓದುವ ಕಡೆ ಬರೆಯಬೇಕು ಅಂತಲೂ ಇರಲಿಲ್ಲ. ಬಂದುಬಿಟ್ಟಿತು.

ಇರಲಿ. ನಿನ್ನೆ ನೆಲಕ್ಕೆ ಟೇಪ್ ಅಂಟಿಸಿ, ಅದರ ಮೇಲೆ ಎರಡೂ ಪಾದ ಊರಿ, ಆ ಭಾಗವನ್ನಷ್ಟೇ ಆರು ಸಲ ಹೇಳಿದೆ. ಐದು ಸಲ ಹಿಮ್ಮಡಿ ಎದ್ದಿತು. ಆರನೇ ಸಲ ನಿಂತೆ.

ಮುಂದಿನ ಭಾಷಣಕ್ಕೆ ನೀನು ಬರಲೇಬೇಕು. ಮೂರನೇ ಸಾಲು, ನಿನ್ನ ಮಾಮೂಲಿ ಜಾಗ. ಕೊಡೆ ಮಾತ್ರ ತರಬೇಡ, ಪ್ಲೀಸ್. ಒಂದು ಸಲ ಆಗಿದ್ದೇ ಸಾಕು, ಅಲ್ವಾ?

ನಿನ್ನವನೇ