ಕಾಕಾನ ಕರಡಿಗೆ

ರಾಣೆಬೆನ್ನೂರು
ಭಾನುವಾರ ರಾತ್ರಿ

ಗೆಳೆಯಾ,

ಕೊನೆಗಾಲಕ್ಕೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮುಂಚೆಯೇ ಬರೆದಿಡುವ ಫಾರ್ಮು ಅಂತ ನೀನು ಅಮೆರಿಕಾದಿಂದ ಕಳಿಸಿದ ಪಿಡಿಎಫ್ ಅನ್ನು ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮಡಚಿ ಅಂಗಿ ಕಿಸೆಯಲ್ಲಿಟ್ಟುಕೊಂಡು ನಿಮ್ಮ ಮನೆಗೆ ಹೋದೆ. ಮಡಚಿದ್ದು ಮಡಚಿದ ಹಾಗೇ ವಾಪಸ್ ತಂದಿದ್ದೇನೆ. 'ಅಪ್ಪನ ಸಹಿ ಮಾಡಿಸಿ ಸ್ಕ್ಯಾನ್ ಕಳಿಸು, ಈ ವಾರದಾಗ ಮುಗಿಸು' ಅಂತ ಬರೆದಿದ್ದಿ. ಮುಗಿದಿಲ್ಲ. ಯಾಕೆ ಅಂತ ಹೇಳಲಿಕ್ಕೇ ಈ ಉದ್ದನೆಯ ಪತ್ರ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಆಮೇಲೆ ಇಬ್ಬರೂ ಸಿಟ್ಟಾಗುತ್ತೇವೆ.

ಬಾಗಿಲಲ್ಲೇ ನಿಮ್ಮಕ್ಕ ತಡೆದಳು. ನಾನು 'ವೆಂಟಿಲೇಟರ್' ಅಂದದ್ದೇ ತಡ, 'ಬಿಡ್ತು ಅನ್ನೋ! ಅಪ್ಪನ ಮುಂದ ಆ ಮಾತು ತಗೀಬ್ಯಾಡ, ಎದಿ ಒಡಕೋತಾರ' ಅಂದಳು. ಬಿಡ್ತು ಅಂದು ಒಳಗೆ ಹೋದೆ. ನಿಮ್ಮಪ್ಪ, ನನ್ನ ಕಾಕಾ, ಪಡಸಾಲೆಯ ಮಂಚದ ಮೇಲೆ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು, ಗೋಡೆಗೆ ಒರಗಿ ಪೇಪರ್ ಓದುತ್ತಿದ್ದರು. ಆ ಮಷೀನಿನ ಗುಂಯ್ ಸದ್ದಿಗೆ ಮನೆಯವರೆಲ್ಲ ಒಗ್ಗಿಬಿಟ್ಟಿದ್ದಾರೆ. ನನ್ನನ್ನು ನೋಡಿ ಕನ್ನಡಕ ಇಳಿಸಿದರು.

'ಕಿಸೆದಾಗ ಏನೋ ತುರುಕ್ಕೊಂಡು ಬಂದೀಯಲ್ಲ, ಅಮೆರಿಕಾದ ಹುಕುಮೇನು?'

ಒಂದು ಮಾತಿಗೆ ಎರಡು ಸಲ ಉಸಿರು ತಗೊಳ್ಳಬೇಕು, ಆದರೂ ಚೇಷ್ಟೆ ಬಿಟ್ಟಿಲ್ಲ. ಅಕ್ಕ ಚಹಾ ತರಲು ಒಳಗೆ ಹೋದಾಗ ದನಿ ಇಳಿಸಿ ಅಂದರು: 'ನನಗೇನೂ ಅಂಜಿಕಿಲ್ಲಪಾ. ಮರಣವೇ ಮಹಾನವಮಿ ಅಂತ ಎಷ್ಟ ಮಂದಿ ಮಣ್ಣಿಗೆ ಹೋಗಿ ಹೇಳಿ ಬಂದೀನಿ. ಆಕೀಗೆ ಮಾತ್ರ ಗೊತ್ತಾಗೂದು ಬ್ಯಾಡ. ಅಳ್ತಾಳ.'

ನೋಡು. ಅಪ್ಪನಿಗೆ ಹೇಳಬೇಡ ಅಂತ ಮಗಳು, ಮಗಳಿಗೆ ಹೇಳಬೇಡ ಅಂತ ಅಪ್ಪ. ಇಬ್ಬರಿಗೂ ಎಲ್ಲ ಗೊತ್ತು. ಹೋದ ಶ್ರಾವಣದಲ್ಲಿ ಹುಬ್ಬಳ್ಳಿಯ ಐಸಿಯುನಲ್ಲಿ ಆರು ದಿನ ಮುಖಕ್ಕೆ ಮಾಸ್ಕ್ ಬಿಗಿಸಿಕೊಂಡು ಮಲಗಿದ್ದಾಗಲೇ ಡಾಕ್ಟರು ಅಕ್ಕನಿಗೆ ಹೇಳಿದ್ದಾರೆ: ಮುಂದಿನ ಸಲ ಹೀಗಾದರೆ ಗಂಟಲಿಗೆ ನಳಿಕೆ ಹಾಕಬೇಕಾಗುತ್ತದೆ, ಹಾಕಿದರೆ ಇಂಥ ಪುಪ್ಪಸ ಇರುವವರನ್ನು ಮತ್ತೆ ಬಿಡಿಸುವುದು ಕಷ್ಟ. ಕಾಕಾ ಪಕ್ಕದಲ್ಲೇ ಕಣ್ಣು ಮುಚ್ಚಿಕೊಂಡು ಮಲಗಿದ್ದರಂತೆ. ಕಿವಿ ಮುಚ್ಚಿರಲಿಲ್ಲ.

ನಿನ್ನ ಆ ಫಾರ್ಮಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು ನಿಮ್ಮ ಟೆಕ್ಸಾಸಿನದು ಮಾರಾಯಾ, ಇಲ್ಲಿ ನಡೆಯುವುದಿಲ್ಲ. ಇಲ್ಲಿನದೇ ಬೇರೆ ಇದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಹೇಳಿ, ಮುಂಚಿತವಾಗಿ ಬರೆದಿಡುವ ಮರಣಪೂರ್ವ ಉಯಿಲಿಗೆ (ಲಿವಿಂಗ್ ವಿಲ್) ಒಪ್ಪಿಗೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಸಾಯುವ ವಿಷಯಕ್ಕೆ ಕೋರ್ಟು ಹತ್ತುವವರು ಎಷ್ಟು ಮಂದಿ ಇರುತ್ತಾರೆ? 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಿದರೆ ಆಯಿತು. ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹತ್ತಿರದವರ ಹೆಸರು ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಹೆಸರೂ ಬರೆಯಬಹುದು. ಒಂದು ಪ್ರತಿ ಮನೆ ಡಾಕ್ಟರಿಗೆ, ಒಂದು ನಗರಸಭೆಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಕಾಕಾಗೆ ಮಾತಾಡುವ ಪ್ರಜ್ಞೆ ಇರುವತನಕ ಆ ಹಾಳೆ ಬಾಯಿ ತೆರೆಯುವುದಿಲ್ಲ, ಅವರ ಮಾತೇ ನಡೆಯುತ್ತದೆ. ಪ್ರಜ್ಞೆ ಹೋಗಿ, ಗುಣವಾಗುವ ಆಸೆ ಇಲ್ಲ ಅಂತಾದಾಗ ಆಸ್ಪತ್ರೆಯ ಮೂವರು ಡಾಕ್ಟರುಗಳ ಮಂಡಳಿ ನೋಡಬೇಕು, ಆಮೇಲೆ ಎರಡನೆಯ ಮಂಡಳಿ ಒಪ್ಪಬೇಕು. ಸಾಧ್ಯವಾದಷ್ಟು ಒಂದೊಂದು ಮಂಡಳಿಯೂ 48 ತಾಸಿನೊಳಗೆ ಹೇಳಬೇಕು. ಈ ಎರಡನೆಯ ಮಂಡಳಿಗೆ ಯಾರನ್ನು ಹಾಕುವುದು ಅಂತ ಗೊತ್ತಿಲ್ಲದೇ ಎಲ್ಲ ನಿಂತಿತ್ತು. 2025ರ ಜನವರಿ ಕೊನೆಗೆ ನಮ್ಮ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿ ಅದಕ್ಕೊಂದು ದಾರಿ ಮಾಡಿತು.

ಆ ಸುದ್ದಿ ಕಾಕಾಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 'ದಾವಣಗೇರಿ ಕರಿಬಸಮ್ಮ ಟೀಚರು ಎಷ್ಟ ವರ್ಷ ಬಡದಾಡಿದ್ರು ಇದಕ್ಕ, ಪೇಪರಿನ್ಯಾಗ ಬಂದಿತ್ತಲ್ಲ' ಅಂದರು. ಇಲ್ಲೇ ಪಕ್ಕದೂರಿನ ನಿವೃತ್ತ ಶಿಕ್ಷಕಿ ಕೇಳಿದ್ದು ಅನ್ನುವುದರಿಂದ ಅದು ಅವರಿಗೆ ದಿಲ್ಲಿಯ ಮಾತೂ ಅಲ್ಲ, ಡಲ್ಲಾಸಿನ ಮಾತೂ ಅಲ್ಲ.

ಆದರೂ ನಾನು ಫಾರ್ಮು ತೆಗೆಯಲಿಲ್ಲ. ಅದರಲ್ಲಿರುವ ಪ್ರಶ್ನೆ ಕೇಳಿದರೆ ಅದರಲ್ಲಿರುವ ಉತ್ತರವೇ ಬರುತ್ತದೆ. 'ಅಜ್ಜಾರು ಹೋದದ್ದು ಹೆಂಗ ಕಾಕಾ?' ಅಂತ ಕೇಳಿದೆ. ಅಷ್ಟೇ ಸಾಕಾಯಿತು.

ಮುಕ್ಕಾಲು ತಾಸು ಮಾತಾಡಿದರು, ನಡುನಡುವೆ ನಿಂತು. ನಿಮ್ಮಜ್ಜ ಹೊಲದ ಮನೆಯಲ್ಲಿ ಮೂರು ದಿನ ಊಟ ಒಲ್ಲೆ ಅಂದರಂತೆ. ಮಠದ ಸ್ವಾಮಿಗಳನ್ನು ಕರೆಸಿದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಸಾಯುವವರಿಗೆ ಮಾಡುವ ವಿಭೂತಿ ವೀಳ್ಯದ ವಿಧಿ ಮಾಡಿದರು. ಎಡಗೈಯಲ್ಲಿ ಲಿಂಗ ಹಿಡಿದುಕೊಂಡೇ ಇದ್ದರಂತೆ ಅಜ್ಜ. ದೀಪ ಹಚ್ಚುವ ಹೊತ್ತಿಗೆ ಹೋದರು. ಮೈ ಬಿಸಿ ಇರುವಾಗಲೇ ಕಂಬಕ್ಕೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದರು. ರಾತ್ರಿಯೆಲ್ಲ ಭಜನೆ. ಮರುದಿನ ವಿಮಾನದಲ್ಲಿ, ಅಂದರೆ ಕೂರಿಸಿ ಒಯ್ಯುವ ಸಿಂಗರಿಸಿದ ಚಟ್ಟದಲ್ಲಿ, ಕೂತೇ ಬೇವಿನ ಮರದ ಕೆಳಗಿನ ಗುಂಡಿಗೆ ಹೋದರು. 'ಕುಂತಂಗ ಹೋದ್ರು' ಅಂತ ಕಾಕಾ ಎರಡು ಸಲ ಹೇಳಿದರು.

ಆಮೇಲೆ ತಾವಾಗಿಯೇ ಎದೆಯ ಮೇಲಿನ, ಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆ ಮುಟ್ಟಿಕೊಂಡರು. ಹುಬ್ಬಳ್ಳಿಯಲ್ಲಿ ಐಸಿಯುಗೆ ಒಳಗೆ ತಗೊಳ್ಳುವಾಗ ಸಿಸ್ಟರ್ ಉಂಗುರ, ಉಡದಾರದ ಜೊತೆ ಇದನ್ನೂ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಅಕ್ಕನ ಕೈಗೆ ಕೊಟ್ಟಿದ್ದಳು. ಆಕೆಯ ತಪ್ಪೇನಿಲ್ಲ, ಬೆಳ್ಳಿ ಬಂಗಾರ ಕಳೆದರೆ ಯಾರು ಜವಾಬು? ಆದರೆ ಎಂಟನೇ ವಯಸ್ಸಿನಲ್ಲಿ ಕಟ್ಟಿಸಿಕೊಂಡ ಲಿಂಗ ಆರು ದಿನ ಮೈ ಬಿಟ್ಟು ಇತ್ತು. 'ಆ ಆರು ದಿನ ನಾ ಉಸಿರಿಗಾಗಿ ಒದ್ದಾಡಿದ್ನೋ ಲಿಂಗಕ್ಕಾಗಿ ಒದ್ದಾಡಿದ್ನೋ ಅವರಿಗೇನ ತಿಳೀತಪಾ. ಕೈ ಎತ್ತಿ ಎದಿ ಮುಟ್ಟಿಕೊಳ್ಳಾಕ ಹೋದ್ರ, ಮಾಸ್ಕ್ ಕಿತ್ತತೈತಿ ಮುದುಕ ಅಂತ ಕೈ ಕಟ್ಟಿ ಹಾಕಿದ್ರು.'

ಚಾರ್ಟಿನಲ್ಲಿ 'ರೋಗಿ ತಳಮಳದಲ್ಲಿದ್ದಾರೆ' ಅಂತ ಬರೆದಿರುತ್ತಾರೆ. ನಿಮ್ಮಕ್ಕ ಹೊಸ್ತಿಲಲ್ಲಿ ಚಹಾದ ತಾಟು ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಳಲಿಲ್ಲ. ಬಂದು ಮಂಚದ ತುದಿಗೆ ಕೂತಳು, ಅಲ್ಲಿಂದ ಮುಂದೆ ಮೂವರೂ ಮಾತಾಡಿದೆವು.

ನಮ್ಮವ್ವನದು ನಿನಗೆ ಪೂರ್ತಿ ಹೇಳಿಲ್ಲ. ನೀನು ಆಗ ಅಮೆರಿಕಾದಲ್ಲಿದ್ದಿ. ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದಳು. 'ಹಾಕಸ್ರಿ' ಅಂತ ಸಹಿ ಮಾಡಿದವನು ನಾನೇ. ಡಾಕ್ಟರು ಏನೋ ಇಂಗ್ಲಿಷಿನಲ್ಲಿ ಹೇಳಿದರು, ದೊಡ್ಡಪ್ಪನ ಮಕ್ಕಳು ಹಿಂದೆ ನಿಂತಿದ್ದರು, ನಾಳೆ ಇವರು 'ಅವ್ವಗ ರೊಕ್ಕ ಖರ್ಚು ಮಾಡಲಿಲ್ಲ' ಅಂದಾರು ಅನ್ನುವುದೊಂದೇ ತಲೆಯಲ್ಲಿತ್ತು. ಅದನ್ನು ನಾನು ಸಂಸ್ಕೃತಿ, ಮಗನ ಧರ್ಮ ಅಂತೆಲ್ಲ ಹೆಸರಿಟ್ಟುಕೊಂಡಿದ್ದೆ. ಅದು ಬರೀ ನಾಲ್ಕು ಮಂದಿಯ ಹೆದರಿಕೆ. ಅವ್ವನ ನಂಬಿಕೆ ಏನು ಅಂತ ಅಲ್ಲಿ ಯಾರೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಹೋದಳು. ಬಿಲ್ಲು, ಕಾಗದಪತ್ರ, ಆಂಬುಲೆನ್ಸ್ ಮುಗಿದು ಮನೆ ಮುಟ್ಟುವಾಗ ಬೆಳಗಿನ ಏಳು. ಸತ್ತ ಮೈ ಎರಡು ಮೂರು ತಾಸಿಗೆ ದವಡೆ ಕುತ್ತಿಗೆಯಿಂದ ಸೆಟೆಯಲು ಶುರುವಾಗುತ್ತದೆ, ಹನ್ನೆರಡು ತಾಸಿಗೆಲ್ಲ ಪೂರ್ತಿ ಕಟ್ಟಿಗೆಯಾಗುತ್ತದೆ. ಕೂರಿಸಲು ಹೋದರೆ ಅವ್ವನ ಮೊಣಕಾಲು ಮಡಚಲಿಲ್ಲ. ಓಣಿಯ ಇಬ್ಬರು ಹಿರಿಯರು ಎಲ್ಲರನ್ನೂ ಹೊರಗೆ ಕಳಿಸಿ, ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ, ತಿಕ್ಕಿ, ಹೇಗೋ ಕೂರಿಸಿದರು. ಬಾಗಿಲ ಹೊರಗೆ ನಿಂತ ನನಗೆ ಒಳಗಿನ ಸದ್ದು ಕೇಳಿಸುತ್ತಿತ್ತು. ಅಷ್ಟು ಸಾಕು, ಅದರ ಬಗ್ಗೆ ಇನ್ನು ಬರೆಯಲಾರೆ.

ಅಲ್ಲೇ, ಅವ್ವನ ಪಕ್ಕದ ಬೆಡ್ಡಿನಲ್ಲಿ ಸವಣೂರಿನ ಒಬ್ಬ ಮುಸ್ಲಿಂ ಅಜ್ಜ ಇದ್ದರು. ಅವರ ಮಗ ಮೊದಲ ದಿನವೇ ಸಿಸ್ಟರ್‌ಗೆ ಹೇಳಿಟ್ಟಿದ್ದ: 'ಟೈಮ್ ಬಂದಾಗ ಬೆಡ್ ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಿ, ಕಿವಿಯಲ್ಲಿ ಕಲ್ಮಾ ಹೇಳಲು ಒಬ್ಬರನ್ನ ಒಳಗೆ ಬಿಡಿ.' ಬಿಟ್ಟರು, ಬೆಡ್ಡೂ ತಿರುಗಿತು. ಚಕ್ರ ಇರುವ ಮಂಚ, ತಿರುಗಿಸಲಿಕ್ಕೆ ಏನು ಖರ್ಚು? ಮೊದಲೇ ಹೇಳಿದ್ದರಿಂದ ಆಯಿತು. ನಾವು ಬಾಯಿ ಬಿಡುವುದೇ ಎಲ್ಲ ಮುಗಿದ ಮೇಲೆ, ಅದೂ ಜಗಳಕ್ಕೆ. ಜೀವ ಹೋಗುವ ಮುಂಚೆ ನೆಲಕ್ಕಿಳಿಸಿ ತುಳಸಿ ನೀರು ಬಿಡಬೇಕು ಅನ್ನುವವರದೂ ಇದೇ ಪಾಡು. ಧನಿಷ್ಠಾ ಪಂಚಕ, ಆ ನಕ್ಷತ್ರಗಳಲ್ಲಿ ಸತ್ತರೆ ಮನೆಗೆ ಕೆಡುಕು ಅಂತ ಬಾಡಿಗೆ ಮನೆಯ ಮಾಲೀಕ 'ಇಲ್ಲಿ ಮಾತ್ರ ಆಗೂದು ಬ್ಯಾಡ್ರೀ' ಅಂದರೆ, ಸಾಯುವವನನ್ನು ಎಲ್ಲಿಗೆ ಒಯ್ಯುವುದು ಅನ್ನುವುದೂ ಯೋಜನೆಯ ಮಾತೇ. ಅದು ಯಾವ ಫಾರ್ಮಿನಲ್ಲೂ ಇಲ್ಲ.

ಕಾಕಾ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬಂದಿದ್ದೇನೆ. ಮಾಸ್ಕ್ ಹಾಕಬಹುದು, 'ಎರಡ ದಿನ ನೋಡ್ರಿ, ಇಳೀಲಿಲ್ಲಂದ್ರ ಮನೀಗೆ ಕರಕೊಂಡ ಬರ್ರಿ'. ಗಂಟಲ ನಳಿಕೆ ಬೇಡ. ಕೈ ಕಟ್ಟಬಾರದು. ದಮ್ಮಿಗೆ ಮಾರ್ಫಿನ್ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಒದ್ದಾಟ ಕಡಿಮೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರಲ್ಲ, ಅಫೀಮು ಅಂತ ಅಕ್ಕ ಹೆದರಿ ಬೇಡ ಅಂದಿದ್ದಳು. ಕಾಕಾ ಬೇಡ ಅನ್ನಲಿಲ್ಲ. 'ಮುಂಜಾನೆ ಲಿಂಗಪೂಜಾ ಆದ ಮ್ಯಾಲ ಕೊಡ್ರಿ, ಪೂಜಾದಾಗ ತೂಕಡಿಸಬಾರದು' ಅಂದರು. ಮಂಗಳವಾರ ಡಾಕ್ಟರನ್ನು ಕೇಳುತ್ತೇನೆ. ಪೂಜೆಯ ಹೊತ್ತಿಗೆ ಹೊಂದಿಸಿ ಔಷಧಿ ಬರೆದುಕೊಡಿ ಅಂತ ಅವರನ್ನು ಯಾರಾದರೂ ಇದುವರೆಗೆ ಕೇಳಿದ್ದಾರೋ ಇಲ್ಲವೋ.

ಪರವಾಗಿ ಮಾತಾಡುವವರ ಹೆಸರು ಅಕ್ಕನದು. ಬೇಸರ ಮಾಡಿಕೊಳ್ಳಬೇಡ. ನಿನ್ನ ಹೆಸರು ಎರಡನೆಯದಾಗಿ ಬರೆಯೋಣವಾ ಅಂದೆ. 'ಬರಿ, ಆದ್ರ ಅವನ ಫೋನು ಹತ್ತೂದ್ರಾಗ ನನ್ನ ಬೆಳಗಾಗಿರತೈತಿ' ಅಂದರು. ಸಾಕ್ಷಿ ನಾನೊಬ್ಬ, ಬೀಜದಂಗಡಿ ಸಾಹುಕಾರರೊಬ್ಬರು. ನೋಟರಿಯನ್ನು ಮನೆಗೇ ಕರೆತರುತ್ತೇನೆ. ಲಿಂಗ, ಕೈ ಕಟ್ಟುವುದು, ಪೂಜೆ, ಇವನ್ನೆಲ್ಲ ಆಸ್ಪತ್ರೆ ಕಾನೂನಿನ ಪ್ರಕಾರ ಪಾಲಿಸಲೇಬೇಕು ಅಂತೇನಿಲ್ಲ. ಅದಕ್ಕೇ ಬೇರೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಫೈಲಿನ ಮೇಲೇ ಪಿನ್ ಮಾಡುತ್ತೇನೆ.

ಈಗ ನಿನ್ನ ವಿಷಯ. 'ಏನಾದರೂ ಆದರೆ ನಾನು ಬರೋತನಕ ಫ್ರೀಜರ್‌ದಾಗ ಇಡ್ರಿ' ಅಂತ ಅಕ್ಕನಿಗೆ ಹೇಳಿದ್ದಿಯಂತೆ. ಅಕ್ಕ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದಾಳೆ. ಲೆಕ್ಕ ಹಾಕು: ಟಿಕೆಟ್ ಸಿಕ್ಕು, ನಡುವೆ ವಿಮಾನ ಬದಲಿಸಿ ಬೆಂಗಳೂರು ಮುಟ್ಟಲು ಒಂದು ದಿನದ ಮೇಲಾಗುತ್ತದೆ, ಅಲ್ಲಿಂದ ಕಾರಿನಲ್ಲಿ ಐದಾರು ತಾಸು. ಫ್ರೀಜರಿನಲ್ಲಿ ಮಲಗಿಸಿಟ್ಟ ಮೈ ಮಲಗಿದ ಹಾಗೇ ಗಟ್ಟಿಯಾಗುತ್ತದೆ. ಕೂರಿಸಿಯೇ ಇಡೋಣ ಅಂದರೆ ನಮ್ಮೂರಿನ ಫ್ರೀಜರ್ ಪೆಟ್ಟಿಗೆಗಳೆಲ್ಲ ಮಲಗಿಸುವಂಥವೇ, ವಿಚಾರಿಸಿದ್ದೇನೆ. ಕಾಕಾನನ್ನು ನೇರವಾಗಿ ಕೇಳಿದೆ, ಇದನ್ನು ಕೇಳದೆ ಬೇರೆ ದಾರಿ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಮಷೀನು ಗುಂಯ್ ಅನ್ನುತ್ತಿತ್ತು.

'ಅಂವಾ ಬರಾಕ ಮನಸ್ಸ ಮಾಡಿದ್ರ ನಾ ಕುಂತಾಗ ಬರಲಿ. ಕುಂಡ್ರಿಸಿದಾಗ ಬರೂದು ಬ್ಯಾಡ.'

ಇದನ್ನು ಮೆತ್ತಗೆ ಮಾಡಿ ಬರೆಯೋಣ ಅಂತ ನೋಡಿದೆ, ಆಗಲಿಲ್ಲ. ಅವರು ಸಿಟ್ಟಿನಿಂದ ಹೇಳಿದ್ದಲ್ಲ. ದೀಪಾವಳಿಗೆ ಬರುತ್ತೀನಿ ಅಂದಿದ್ದಿಯಲ್ಲ, ಅದನ್ನು ಮುಂದಿನ ತಿಂಗಳಿಗೇ ಎಳೆದುಕೊಳ್ಳಲು ಆಗುತ್ತದಾ ನೋಡು. ರಜೆ ಎಷ್ಟು ಉಳಿದಿದೆ ಅಂತ ಮಾತ್ರ ತಿಳಿಸು, ಉಳಿದದ್ದು ನಾನು ಅಕ್ಕ ಹೊಂದಿಸುತ್ತೇವೆ.

ಹಾಂ, ಕರಡಿಗೆಯದು ಬಗೆಹರಿಯಿತು. ಆಸ್ಪತ್ರೆಯವರಿಗೆ ತಕರಾರು ಬೆಳ್ಳಿಯದು, ಒಳಗಿನ ಲಿಂಗದ್ದಲ್ಲ. ಅಕ್ಕ ತನ್ನ ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಲು ಹೋಗಿದ್ದಳು. ಕಾಕಾ ಬೇಡ ಅಂದರು, ಬಿಳಿ ಅರಿವೆಯೇ ಆಗಬೇಕು. ಈಗ ಬಿಳಿ ಅರಿವೆಯ ಎರಡು ಲಿಂಗವಸ್ತ್ರ, ಎರಡು ನೂಲಿನ ಶಿವದಾರ ತಯಾರಾಗಿವೆ. ಒಂದು ಜೊತೆ ಆಸ್ಪತ್ರೆಯ ಚೀಲದಲ್ಲಿ ಆಧಾರ್ ಕಾರ್ಡು, ಹಳೇ ರಿಪೋರ್ಟುಗಳ ಜೊತೆ ಇಟ್ಟಿದ್ದಾಳೆ. ಇನ್ನೊಂದನ್ನು ಕಾಕಾ ಇವತ್ತೇ ಕಟ್ಟಿಕೊಂಡು ನೋಡಿದರು. ಹಗುರಾಗೈತಿ ಅಂದರು.

ನಿನ್ನವ