ಇನ್ನು ನಾವು ನೋಡ್ಕೋತೀವಿ, ನೀವು ಹೊರಡಿ

ಪುಟ್ಟಿ,

ಯುಗಾದಿಗೆ ಬಂದಾಗ ನನ್ನ ಫೋನಿಗೆ ಅಮೆರಿಕದ ಒಂದು ರ‍್ಯಾಪ್ ಗುಂಪಿನ ಆಲ್ಬಂ ಹಾಕಿ, "ಅಮ್ಮ, ಇದರಲ್ಲಿ ಹಾಡಿರೋರಲ್ಲಿ ಒಬ್ಬ ನಿನ್ನ ಡಿಪಾರ್ಟ್‌ಮೆಂಟಿನವನು, ಕೇಳಿ ಹೇಳು" ಅಂದೆಯಲ್ಲ. ನೀನು ಬಸ್ ಹತ್ತಿದ ಮೇಲೆ ನಾನು ಮರೆತೇಬಿಟ್ಟಿದ್ದೆ. ಹೋದ ವಾರ ಡಯಾಲಿಸಿಸ್ ಯೂನಿಟ್‌ನಲ್ಲಿ ಕೊನೇ ಶಿಫ್ಟ್ ನನ್ನದು. ಪೇಷೆಂಟುಗಳೆಲ್ಲ ಹೋದರು, ಮೆಷಿನ್‌ಗಳನ್ನು ಡಿಸಿನ್‌ಫೆಕ್ಷನ್‌ಗೆ ಹಾಕಿ ನೀರು ಶುದ್ಧ ಮಾಡೋ ರೂಮಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತೆ. ಮುಕ್ಕಾಲು ಗಂಟೆ ಏನೂ ಕೆಲಸ ಇರಲ್ಲ. ಆಗ ನೆನಪಾಯಿತು.

ಮೊದಲ ಸಲ ಕೇಳಿದಾಗ ಅವರ ಇಂಗ್ಲಿಷ್ ರೂಪಾಯಿಗೆ ನಾಲ್ಕಾಣೆ ಅರ್ಥವಾಯಿತು. ಮನೇಲಿ ಎರಡನೇ ಸಲ ಹಾಕಿದರೆ ನಿಮ್ಮಪ್ಪ ಪೇಪರ್ ಕೆಳಗಿಟ್ಟು "ಯಾರ ಜಗಳ ಇದು?" ಅಂದರು. ಆದರೂ ನಾನು ಬಿಡಲಿಲ್ಲ. ಸಾಹಿತ್ಯ ಹುಡುಕಿ ಓದಿದೆ, ಅವರ ಮೇಲೆ 2011ರಲ್ಲಿ ಬಂದ ಸಾಕ್ಷ್ಯಚಿತ್ರ ನೋಡಿದೆ. ಈಗ ಬರೀತಾ ಇದ್ದೀನಿ. ಫೋನಲ್ಲಿ ಹೇಳೋಣ ಅಂದರೆ ನೀನು "ಹ್ಞೂಂ ಹ್ಞೂಂ" ಅಂತ ಬೇರೇನೋ ಟೈಪ್ ಮಾಡ್ತಿರ್ತೀಯ.

ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅಂತ ನಾಲ್ಕು ಜನರ ಗುಂಪು. ನಿನಗೆ ಗೊತ್ತಿರೋದೇ ಹೇಳ್ತಿದ್ದೀನಿ, ನನಗೆ ಎಷ್ಟು ಗೊತ್ತಾಯಿತು ಅಂತ ನೀನು ನೋಡಬೇಕಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಹುಡುಗರು, 1985ರಲ್ಲಿ ಸೇರಿದ್ದು. ಕ್ಯೂ-ಟಿಪ್ ಮತ್ತು ಫೈಫ್ ಡಾಗ್ ಇನ್ನೂ ಚಡ್ಡಿ ಹಾಕೋ ವಯಸ್ಸಿಗೂ ಮುಂಚಿನ ಗೆಳೆಯರು, ಎರಡು ವರ್ಷದ ಕೂಸುಗಳಾಗಿದ್ದಾಗಿಂದ ಪರಿಚಯ. ಅಲಿ ಶಹೀದ್ ಮುಹಮ್ಮದ್ ರೆಕಾರ್ಡ್ ತಿರುಗಿಸೋನು. ನಾಲ್ಕನೆಯವನು ಜರೋಬಿ, ಮೊದಲ ಆಲ್ಬಂ ಆದಮೇಲೆ ಬಿಟ್ಟುಹೋಗಿ ಅಡುಗೆಯವನಾದ. ನನಗೆ ಅವನೇ ಬಹಳ ಇಷ್ಟವಾದ. 1990ರಿಂದ 1998ರವರೆಗೆ ಐದು ಆಲ್ಬಂ ಮಾಡಿದರು. ಆಮೇಲೆ ಮನಸ್ತಾಪ ಬಂದು ಬೇರೆಯಾದರು. ಮತ್ತೆ ಸೇರಿ ಪ್ರವಾಸ ಮಾಡೋರು, ಮತ್ತೆ ಕಿತ್ತಾಡೋರು. ಆ ಚಿತ್ರದಲ್ಲಿ ವೇದಿಕೆ ಹಿಂದುಗಡೆ ಕ್ಯೂ-ಟಿಪ್, ಫೈಫ್ ಇಬ್ಬರೂ ಒಬ್ಬರ ಮೇಲೊಬ್ಬರು ಏರಿ ಹೋಗೋದು ನೋಡಿದರೆ ನಮ್ಮ ದೊಡ್ಡಪ್ಪನ ಮಕ್ಕಳು ತೋಟ ಪಾಲು ಮಾಡಿಕೊಂಡ ದಿನ ಜ್ಞಾಪಕಕ್ಕೆ ಬರುತ್ತೆ.

ಈಗ ನನ್ನ ಡಿಪಾರ್ಟ್‌ಮೆಂಟಿನವನ ವಿಷಯ. ಫೈಫ್‌ನ ನಿಜವಾದ ಹೆಸರು ಮಲಿಕ್ ಟೇಲರ್. ತಾಯಿ ಟ್ರಿನಿಡಾಡ್‌ನಿಂದ ಬಂದವಳು, ಕವಯಿತ್ರಿ. ಇವನು ಐದಡಿ ಮೂರಂಗುಲದ ಗಿಡ್ಡ, ಬಾಯಿ ಮಾತ್ರ ಜೋರು. 1990ರಲ್ಲಿ, ಇನ್ನೂ ಇಪ್ಪತ್ತು ತುಂಬೋ ಮೊದಲೇ ಟೈಪ್ ಒನ್ ಸಕ್ಕರೆ ಕಾಯಿಲೆ ಗೊತ್ತಾಯಿತು. 1993ರ ಒಂದು ಹಾಡಲ್ಲಿ ಅದನ್ನೇ ಹೆಮ್ಮೆಯಿಂದ ಸಾರಿಕೊಂಡಿದ್ದಾನೆ, ಮೈಸೂರು ಪೇಟ ಕಟ್ಟಿಕೊಂಡ ಹಾಗೆ. ಸಾಕ್ಷ್ಯಚಿತ್ರದಲ್ಲಿ ಬೇರೆ ಥರ. ಸಿಹಿ ತನಗೆ ಒಂದು ಚಟ, ಮಾದಕ ವಸ್ತುವಿನ ಚಟದ ಹಾಗೇನೆ ಅಂತ ಒಪ್ಪಿಕೊಳ್ತಾನೆ. ಅಲ್ಲಿ ನಾನು ವಿಡಿಯೋ ನಿಲ್ಲಿಸಿದೆ. ಟಿಫಿನ್ ಡಬ್ಬಿಯ ಕೆಳಗೆ ಮೈಸೂರು ಪಾಕಿನ ಪೊಟ್ಟಣ ಬಚ್ಚಿಟ್ಟುಕೊಂಡು ಡಯಾಲಿಸಿಸ್‌ಗೆ ಬರೋ ಮೇಷ್ಟ್ರನ್ನು ನಾನು ಬೈದೂ ಬೈದೂ ಸಾಕಾಗಿದ್ದೀನಿ. ಅವರೂ ಹೀಗೇ ನಗ್ತಾರೆ, ತಪ್ಪು ಮಾಡಿದ ಮಕ್ಕಳ ಹಾಗೆ.

ಕಿಡ್ನಿ ಹೋಯಿತು. 2008ರಲ್ಲಿ ಹೆಂಡತಿ ತನ್ನದೊಂದು ಕೊಟ್ಟಳು. (ಎಲ್ಲ ದೇಶದಲ್ಲೂ ಇದೇ ಕಥೆ ಏನೋ. ನಮ್ಮ ಯೂನಿಟ್‌ನಲ್ಲಿ ಕೊಡೋಕೆ ಮುಂದೆ ಬರೋರು ಅಮ್ಮ, ಹೆಂಡತಿ. ಅಣ್ಣತಮ್ಮಂದಿರು ಆ ಹೊತ್ತಿಗೆ ಸರಿಯಾಗಿ ಹೊರಗೆ ಕಾಫಿ ಕುಡಿಯೋಕೆ ಹೋಗಿರ್ತಾರೆ.) ಆದರೆ ಅದೂ ಬಾಳಲಿಲ್ಲ. 2012ರ ಹೊತ್ತಿಗೆ ಮತ್ತೆ ಇನ್ನೊಂದು ಕಿಡ್ನಿಗೆ ಕಾಯೋರ ಸಾಲಿನಲ್ಲಿದ್ದ.

ಆ ಸಾಲು ಅಂದರೆ ಏನು ಅಂತ ನಿನಗೆ ಗೊತ್ತು, ನೀನು ನಮ್ಮ ಯೂನಿಟ್‌ನ ಬೆಂಚಿನ ಮೇಲೆ ಹೋಂವರ್ಕ್ ಮಾಡಿದವಳು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ಗಂಟೆ. ನೀರು ಅಳತೆ ಮಾಡಿ ಕುಡೀಬೇಕು. ಎಳನೀರು ಮುಟ್ಟೋ ಹಾಗಿಲ್ಲ, ತೆಂಗಿನ ತೋಟದವನಿಗೂ ಅಷ್ಟೇ. ಧರ್ಮಸ್ಥಳಕ್ಕೆ ಹೋಗಿ ಬರೋದಿದ್ದರೂ "ಸಿಸ್ಟರ್, ಗುರುವಾರದ್ದು ಬುಧವಾರಕ್ಕೆ ಹಾಕ್ಕೊಡ್ತೀರಾ" ಅಂತ ಹದಿನೈದು ದಿನ ಮುಂಚೆ ಕೇಳ್ತಾರೆ. ಆ ಸ್ಥಿತಿಯಲ್ಲಿರೋ ಮನುಷ್ಯ ಹದಿನೆಂಟು ವರ್ಷದ ಮೇಲೆ ಹಳೇ ಗೆಳೆಯನ ಜೊತೆ ಒಂದು ಆಲ್ಬಂ ಮಾಡ್ತೀನಿ ಅಂತ ಹೊರಟ.

ಶುರುವಾಗಿದ್ದು 2015ರ ನವೆಂಬರ್ 13ರ ರಾತ್ರಿ. ಮೊದಲ ಆಲ್ಬಂಗೆ 25 ವರ್ಷ ಆಯಿತು ಅಂತ ಜಿಮ್ಮಿ ಫ್ಯಾಲನ್‌ನ ಟೀವಿ ಕಾರ್ಯಕ್ರಮದಲ್ಲಿ ನಾಲ್ವರೂ ಒಟ್ಟಿಗೆ ಹಾಡಿದರು. ಅವತ್ತೇ ಪ್ಯಾರಿಸ್ಸಿನಲ್ಲಿ ಆ ಭಯೋತ್ಪಾದಕರ ದಾಳಿ ನಡೆದಿದ್ದು. ಹಾಡಿದ ಹುಮ್ಮಸ್ಸೋ ಆ ದಿನದ ಭಯವೋ, ಮಾಡೋಣ ಅಂತ ತೀರ್ಮಾನ ಆಯಿತು. ಯಾರಿಗೂ ಹೇಳದೆ ಗುಟ್ಟಾಗಿ, ನ್ಯೂಜೆರ್ಸಿಯಲ್ಲಿ ಕ್ಯೂ-ಟಿಪ್‌ನ ಮನೆಯೊಳಗಿನ ಸ್ಟುಡಿಯೋದಲ್ಲಿ. ಅವನದು ಒಂದೇ ಕಟ್ಟುನಿಟ್ಟು: ಯಾರೂ ತಮ್ಮ ಪಾಲಿನ ಹಾಡನ್ನು ರೆಕಾರ್ಡ್ ಮಾಡಿ ಈಮೇಲಿನಲ್ಲಿ ಕಳಿಸೋ ಹಾಗಿಲ್ಲ. ಹಾಡಬೇಕಾದರೆ ಇಲ್ಲಿಗೆ ಬಂದು, ಈ ರೂಮಿನಲ್ಲಿ ಕೂತು ಹಾಡಬೇಕು. ಫೈಫ್ ಇದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಅಮೆರಿಕದ ಆ ತುದಿ. ಆದರೂ ವಿಮಾನ ಹತ್ತಿ ಬರೋನು.

ಕೇಳಿದಾಗ ಮೊದಲು ನನಗೆ ಕೋಪ ಬಂತು ಕಣೆ. ಇಂಥವನನ್ನು ಅಷ್ಟು ದೂರ ಓಡಾಡಿಸ್ತಾರಾ? ಕಳಿಸಿದ್ದನ್ನು ಜೋಡಿಸಿಕೊಂಡಿದ್ದರೆ ಏನು ಗಂಟು ಹೋಗ್ತಿತ್ತು? ಆ ಕೋಪದಲ್ಲೇ ಇನ್ನೊಂದು ಸಲ ಹಾಕಿದೆ, ಈ ಸಲ ನರ್ಸ್ ಕಿವಿಯಲ್ಲಿ.

ಮೈಯಲ್ಲಿ ನೀರು ತುಂಬಿಕೊಂಡಿರೋರು ಒಂದು ವಾಕ್ಯ ಪೂರ್ತಿ ಹೇಳಲಾರರು. ಅದಕ್ಕೇ ತೂಕದ ಮೆಷಿನ್ ಹತ್ತಿಸೋ ಮೊದಲು ನಾನು "ಬಸ್ ಸಿಕ್ತಾ, ರಶ್ ಇತ್ತಾ" ಅಂತ ಮಾತಿಗೆಳೀತೀನಿ. ಬೇಕಾಗಿರೋದು ಉತ್ತರ ಅಲ್ಲ, ಎಲ್ಲಿ ಉಸಿರು ತಗೋತಾರೆ ಅನ್ನೋದು. ಹಾಗೇ ಈ ಆಲ್ಬಂನಲ್ಲಿ ಫೈಫ್‌ನ ಉಸಿರು ಹುಡುಕಿದೆ. ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಹಾಡಿ ಜೋಡಿಸ್ತಾರೆ ಅಂತ ನೀನು ಹೇಳ್ತೀಯ, ಇರಲಿ. ಕ್ಯೂ-ಟಿಪ್‌ದು ಮೂಗಿನ ಧ್ವನಿ, ನೆಗಡಿ ಆದ ಜಾಣನ ಹಾಗೆ. ಫೈಫ್‌ದು ಕೀರಲು, ಚೂಪು. "ಡಿಸ್ ಜನರೇಷನ್" ಅನ್ನೋ ಹಾಡಲ್ಲಿ ಒಬ್ಬ ಅರ್ಧ ಸಾಲು ಹೇಳಿದರೆ ಇನ್ನೊಬ್ಬ ಎತ್ತಿಕೊಳ್ತಾನೆ, ಜರೋಬಿ, ಅತಿಥಿಯಾಗಿ ಬಂದ ಬಸ್ಟಾ ರೈಮ್ಸ್ ನಡುವೆ ನುಗ್ತಾರೆ, ಮತ್ತೆ ಇವನ ಕೈಗೆ ಬರುತ್ತೆ. ಮದುವೆ ಮನೇಲಿ ಊಟದ ಪಂಕ್ತಿ ಮೇಲೆ ನಾಲ್ಕು ಜನ ಬಡಿಸೋರು ಒಬ್ಬರ ಹಿಂದೆ ಒಬ್ಬರು ಬರ್ತಾರಲ್ಲ, ಪಲ್ಯದವನು ದಾಟೋ ಹೊತ್ತಿಗೆ ಕೋಸಂಬರಿಯವನು, ಯಾರೂ ಯಾರಿಗೂ ತಾಗಲ್ಲ, ಹಾಗೆ. ಎದುರಾಬದುರು ನಿಲ್ಲದೆ ಅದು ಆಗೋ ಕೆಲಸವಲ್ಲ. ಅಲ್ಲಿಗೆ ನನ್ನ ಕೋಪ ಇಳೀತು. ಫೈಫ್ ಎಲ್ಲೂ ರೋಗಿಯ ಹಾಗೆ ಕೇಳಿಸಲಿಲ್ಲ. ಡ್ಯೂಟಿಗೆ ಬಂದವನ ಹಾಗೆ ಇದ್ದಾನೆ.

ಅವರ ಸಂಗೀತದಲ್ಲಿ ಕೆಳಗೆ ದಪ್ಪಗೆ ಓಡೋ ಬೇಸ್ ಬಗ್ಗೆ ನೀನು ಉದ್ದುದ್ದ ಹೇಳಿದ್ದೆ. 1991ರ ಎರಡನೇ ಆಲ್ಬಂಗೆ ಜಾಝ್‌ನ ಹಿರಿಯ ರಾನ್ ಕಾರ್ಟರ್‌ರನ್ನೇ ಕರೆಸಿ ಬೇಸ್ ನುಡಿಸಿದ್ದರಂತೆ. ನನಗೆ ಜಾಝ್ ಗೊತ್ತಿಲ್ಲ. ಆದರೆ ಇಯರ್‌ಫೋನಿನಲ್ಲಿ ಆ ಸದ್ದು ಬಂದಾಗ ಕೈಗೆ ನೆನಪಾಗಿದ್ದು ಫಿಸ್ಟುಲಾ, ಡಯಾಲಿಸಿಸ್‌ಗೆ ಅಂತ ಕೈಯಲ್ಲಿ ಎರಡು ರಕ್ತನಾಳ ಜೋಡಿಸಿರ್ತಾರಲ್ಲ, ಅದು. ಸೂಜಿ ಹಾಕೋ ಮುಂಚೆ ಪೇಷೆಂಟಿನ ಮುಂಗೈ ಮೇಲೆ ಮೂರು ಬೆರಳಿಟ್ಟು ನೋಡ್ತೀವಿ. ರಕ್ತ ಓಡ್ತಾ ಇದ್ದರೆ ಚರ್ಮದ ಕೆಳಗೆ ಗುಂಯ್ ಅಂತ ನಡುಗುತ್ತೆ, ಬೆಕ್ಕು ಮಡಿಲಲ್ಲಿ ಮಲಗಿದಾಗ ಆಗೋ ಹಾಗೆ. ನಾವು ಅದಕ್ಕೆ ಥ್ರಿಲ್ ಅಂತೀವಿ. ಥ್ರಿಲ್ ಇದೆ ಅಂದರೆ ಇವತ್ತಿನ ಕೆಲಸ ಆಗುತ್ತೆ. ಈ ಆಲ್ಬಂ ಉದ್ದಕ್ಕೂ ಥ್ರಿಲ್ ಇದೆ, ಅಷ್ಟು ಹೇಳಬಲ್ಲೆ.

2016ರ ಮಾರ್ಚ್ 22ಕ್ಕೆ ಅವನು ಹೋದ. 45 ವರ್ಷ. ನವೆಂಬರ್ 13ರಿಂದ ಎಣಿಸಿದೆ, 130 ದಿನ. ನಮ್ಮ ಲೆಕ್ಕದಲ್ಲಿ ಅಂದರೆ ಐವತ್ತೈದು ಡಯಾಲಿಸಿಸ್.

ಉಳಿದವರು ಮುಗಿಸಿದರು. ನವೆಂಬರ್ 11ಕ್ಕೆ ಬಿಡುಗಡೆ, ಟ್ರಂಪ್ ಗೆದ್ದು ಮೂರೇ ದಿನ ಆಗಿತ್ತು. ಕರಿಯರು, ಬಡವರು, ಮುಸ್ಲಿಮರು, ಮೆಕ್ಸಿಕೋದವರು, ಎಲ್ಲರೂ ಜಾಗ ಖಾಲಿ ಮಾಡಿ ಅನ್ನೋ ದನಿಯನ್ನು ಅಣಕಿಸೋ ಹಾಡಿದೆಯಲ್ಲ, ಜನ ಅದನ್ನು ಫಲಿತಾಂಶದ ಮರುದಿನ ಬರೆದದ್ದೇನೋ ಅನ್ನೋ ಹಾಗೆ ಕೇಳಿದರಂತೆ. ಅದರಲ್ಲಿ ಹಾಡಿದ ಫೈಫ್ ಮತದಾನಕ್ಕೆ ಏಳು ತಿಂಗಳ ಮುಂಚೆಯೇ ಹೋಗಿದ್ದ. ಬಿಡುಗಡೆಯಾದ ಮಾರನೇ ದಿನ ಟೀವಿಯಲ್ಲಿ ಅದನ್ನೇ ಹಾಡೋವಾಗ ಅವನ ಪಾಲು ಬಂದಾಗ ಅವನ ದೊಡ್ಡ ಚಿತ್ರ ಮೇಲಿಂದ ಇಳಿಬಿಟ್ಟು, ಅವನ ರೆಕಾರ್ಡ್ ಮಾಡಿದ ಧ್ವನಿಯನ್ನೇ ಹಾಕಿದರು. ಆ ವಾರ ಆಲ್ಬಂ ಅಮೆರಿಕದಲ್ಲಿ ಒಂದನೇ ಸ್ಥಾನದಲ್ಲಿ ಶುರುವಾಯಿತು. ಗ್ರ್ಯಾಮಿಯವರು ಒಂದು ನಾಮಿನೇಷನ್ನೂ ಕೊಡಲಿಲ್ಲ ಅಂತ ಕ್ಯೂ-ಟಿಪ್ ಕೆಂಡ ಕಾರಿದ್ದೂ ನೋಡಿದೆ. ಕಾರಲಿ ಬಿಡು.

ತಕರಾರು ಏನಿಲ್ಲ ಅಂತ ತಿಳ್ಕೋಬೇಡ. ಹದಿನಾರು ಹಾಡು ಜಾಸ್ತಿಯಾಯಿತು. ಅತಿಥಿಗಳು ಬಂದೂ ಬಂದೂ ಮನೆಯವರೇ ಕಾಣದ ಹಾಗೆ ಆಗುತ್ತೆ ಎರಡನೇ ಭಾಗದಲ್ಲಿ. ಗಾಯಕ ಎಲ್ಟನ್ ಜಾನ್ ದೊಡ್ಡ ಮನುಷ್ಯನೇ ಇರಬಹುದು, ಅವನಿರೋ ಹಾಡು ನನಗೆ ಹಿಡಿಸಲಿಲ್ಲ. ಅದರ ಬದಲು ಕ್ಯೂ-ಟಿಪ್ ಸತ್ತ ಗೆಳೆಯನಿಗೆ "ತಮ್ಮನ ಹಾಗೆ ನೋಡಿಕೊಂಡೆ, ನಿನ್ನ ಒಳ್ಳೇದಕ್ಕೇ ಅಂದುಕೊಂಡು ಅತಿ ಮಾಡಿಬಿಟ್ಟೆ" ಅನ್ನೋ ಅರ್ಥದಲ್ಲಿ ಹೇಳ್ತಾನಲ್ಲ, ಅದನ್ನು ನಾಲ್ಕು ಸಲ ಕೇಳಿದೆ. ಇನ್ನೊಂದರಲ್ಲಿ ಫೈಫ್‌ನ ಆತ್ಮವೇ ಬಂದು ತನಗೆ ಬುದ್ಧಿ ಹೇಳೋ ಹಾಗೆ ಹಾಡ್ತಾನೆ. ಮೈಮೇಲೆ ದೇವರು ಬರೋದು ನಮಗೆ ಹೊಸದಲ್ಲ, ಗೆಳೆಯ ಬರೋದು ಹೊಸದು.

ಆಲ್ಬಂನ ಹೆಸರಿಗೆ ಬರ್ತೀನಿ, ನಿಜವಾಗಿ ಬರೆಯೋಕೆ ಕೂತಿದ್ದೇ ಅದಕ್ಕೆ. "ವಿ ಗಾಟ್ ಇಟ್ ಫ್ರಮ್ ಹಿಯರ್... ಥ್ಯಾಂಕ್ ಯೂ ಫಾರ್ ಯುವರ್ ಸರ್ವಿಸ್." ಹೆಸರಿಟ್ಟವನು ಫೈಫ್. ಅದರ ಅರ್ಥ ಮಿಕ್ಕವರಿಗೂ ಸರಿಯಾಗಿ ತಿಳಿದಿರಲಿಲ್ಲವಂತೆ, ಅವನು ಬಯಸಿದ್ದು ಅಂತ ಹಾಗೇ ಇಟ್ಟರು. ಅಮೆರಿಕದಲ್ಲಿ ಸೈನಿಕರಿಗೆ ಹೇಳೋ ಮಾತಂತೆ ಆ ಎರಡನೇ ಅರ್ಧ, "ನಿಮ್ಮ ಸೇವೆಗೆ ಧನ್ಯವಾದ" ಅನ್ನೋದು. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಇಪ್ಪತ್ತೇಳು ವರ್ಷದಿಂದ ದಿನಾ ಕೇಳ್ತಿರೋ ಮಾತು ಅದು. ಡ್ಯೂಟಿ ಮುಗಿದಾಗ ನಾವು ಓವರ್ ಕೊಡ್ತೀವಲ್ಲ: ಮೂರನೇ ಬೆಡ್‌ಗೆ ಬೀಪಿ ಇಳಿದಿತ್ತು, ಐದನೇ ಬೆಡ್ ಹೆಪಾರಿನ್ ಬೇಡ ಅಂದಿದ್ದಾರೆ, ಏಳನೇ ಬೆಡ್‌ನ ಮಗ ದುಡ್ಡು ತರೋಕೆ ಹೋಗಿದ್ದಾನೆ. ಎಲ್ಲ ಹೇಳಿದ ಮೇಲೂ ಕಾಲು ಏಳಲ್ಲ, ಇನ್ನೊಂದು ಸುತ್ತು ಬರೋಣ ಅನ್ಸುತ್ತೆ. ಆಗ ಬಂದವರು ಪೆನ್ನು ಕೈಯಿಂದ ಕಿತ್ತುಕೊಂಡು ಅಂತಾರೆ: "ಇನ್ನು ನಾವು ನೋಡ್ಕೋತೀವಿ ಸಿಸ್ಟರ್, ನೀವು ಹೊರಡಿ."

ನೋಡು, ಈ ಮಾತನ್ನು ಹೋಗೋರು ಹೇಳಲ್ಲ. ಡ್ಯೂಟಿಗೆ ಬಂದೋರು ಹೇಳೋದು. ಫೈಫ್ ಮಾತ್ರ ತಾನು ಹೋಗೋನಾಗಿದ್ದು, ಬಂದೋರ ಮಾತನ್ನು ತಾನೇ ಬರೆದಿಟ್ಟ. ಗೊತ್ತಿದ್ದೇ ಇಟ್ಟನೋ, ನಾಲಿಗೆಗೆ ಬಂತು ಅಂತ ಇಟ್ಟನೋ. ಹೊರಗಿನವರು ಹೇಗೆ ಬೇಕಾದರೂ ಓದಲಿ, ನಮ್ಮ ಯೂನಿಟ್‌ನವರಿಗೆ ತೋರಿಸಿದರೆ ಎಲ್ಲರೂ ಒಂದೇ ಅರ್ಥ ಹೇಳ್ತಾರೆ.

ಅವರು ಆಡಿ ಬೆಳೆದ ಲಿಂಡೆನ್ ಬುಲೆವಾರ್ಡ್‌ನಲ್ಲಿ ಒಂದು ಮೂಲೆಗೆ ಈಗ ಅವನ ಹೆಸರಿದೆಯಂತೆ. ನೀನು ಯಾವತ್ತಾದರೂ ಆ ಕಡೆ ಹೋದರೆ ಫೋಟೋ ಕಳಿಸು.

ಸರಿ, ಇನ್ನೊಂದು. ನೀನೂ ನಿನ್ನ ಆ ಗೆಳತಿಯೂ ಮಾಡ್ತಿರೋ ಹಾಡು, ನೀನು ಪೀಜಿಯಲ್ಲಿ ಹೊದಿಕೆ ಹೊದ್ದುಕೊಂಡು ಅರ್ಧ ರೆಕಾರ್ಡ್ ಮಾಡಿ, ಅವಳು ಹುಬ್ಬಳ್ಳಿಯಲ್ಲಿ ಇನ್ನರ್ಧ ಮಾಡಿ, ಫೈಲ್ ಕಳಿಸಿಕೊಳ್ತೀರಲ್ಲ. ಕೇಳಿದೆ. ಚೆನ್ನಾಗಿದೆ. ಆದರೆ ಅವಳು ಮುಗಿಸಿದ ಮೇಲೆ ನೀನು ಶುರುಮಾಡ್ತೀಯ, ನಡುವೆ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆಗೆದ ಹಾಗಾಗುತ್ತೆ. ಮಹಡಿ ರೂಮಿನಲ್ಲಿದ್ದ ಅಕ್ಕಿ ಮೂಟೆ, ನಿಮ್ಮಪ್ಪನ ಹಳೇ ಪಂಪ್‌ಸೆಟ್ಟು ಎಲ್ಲ ಕೆಳಗೆ ಇಳಿಸಿದ್ದೀನಿ. ಹಾಸಿಗೆ ಎರಡು ಬಿಸಿಲಿಗೆ ಹಾಕಿದ್ದೀನಿ. ಬೆಳಗ್ಗೆ ಏಳರಿಂದ ಎಂಟು ಪಕ್ಕದ ಮನೆ ಮಿಕ್ಸಿ ಸದ್ದು, ಆ ಒಂದು ಗಂಟೆ ಬಿಟ್ಟರೆ ಗಲಾಟೆ ಇಲ್ಲ. ಮುಂದಿನ ಶನಿವಾರ, ಭಾನುವಾರ ಎರಡೂ ದಿನ ನನಗೆ ಬೆಳಗಿನ ಶಿಫ್ಟ್, ಮೂರು ಗಂಟೆಗೆಲ್ಲ ಓವರ್ ಕೊಟ್ಟು ಬಂದುಬಿಡ್ತೀನಿ. ಅವಳು ಖಾರ ತಿಂತಾಳಾ, ಕೇಳಿ ತಿಳಿಸು.

ಬರೋವಾಗ ಒಂದು ಇಯರ್‌ಫೋನ್ ತಾ. ಇದರ ಎಡಗಡೆಯದು ಕೆಟ್ಟಿದೆ.

ನಿನ್ನ
ಅಮ್ಮ